ಒಬ್ಬಾಳಿನ ಹೆಲಿಕಾಪ್ಟರ್

ಅಣ್ಣ ಸೈನ್ಯದಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದವನು. ನಿವೃತ್ತನಾಗಿ ಅಜ್ಜಂಪುರಕ್ಕೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಒಬ್ಬ ಸಿಪಾಯಿ ಮಾತ್ರ ಕೂತು ಹಾರುವಂಥ, ಲಗೇಜ್ ಆಟೋದಲ್ಲಿ ಸಾಗಿಸಬಹುದಾದಷ್ಟು ಹಗುರದ ಹೆಲಿಕಾಪ್ಟರ್ ಕಟ್ಟಲು ಕೂತ. ಅದರ ಹೊಟ್ಟೆಯಲ್ಲಿ ಎಂಜಿನ್ನೇ ಇರಲಿಲ್ಲ. ತಲೆಯ ಮೇಲಿನ ಟ್ಯಾಂಕಿನಿಂದ ಪೆಟ್ರೋಲು ಟೊಳ್ಳು ರೆಕ್ಕೆಗಳೊಳಗೆ ಹರಿದು, ತುದಿಯ ಪುಟ್ಟ ಕೊಳವೆಗಳಲ್ಲಿ ಉರಿಯಬೇಕು. ಆ ಉರಿಯ ರಭಸಕ್ಕೇ ರೆಕ್ಕೆ ತಿರುಗಬೇಕು. ಕೊಳವೆಗಳನ್ನು ತರೀಕೆರೆಯ ನನ್ನ ವರ್ಕ್‌ಶಾಪಿನ ಲೇತ್ ಯಂತ್ರದಲ್ಲಿ ನಾನೇ ಮಾಡಿಕೊಟ್ಟಿದ್ದೆ.

ಹೊಲದಲ್ಲಿ ಮೂರು ಸಲ ಎತ್ತಿ ಇಳಿಸಿದ್ದ. ಆ ಸದ್ದಿಗೆ ಪಕ್ಕದವರ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿ, ಇಬ್ಬರೂ ಚೆನ್ನಾಗಿ ಬೈಸಿಕೊಂಡಿದ್ದೆವು. ಕೊನೆಗೆ ಸೈನ್ಯದ ಇಬ್ಬರು ಅಧಿಕಾರಿಗಳು ನೋಡಲು ಬಂದರು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೇ ಮುಗಿಯಿತು.

ನಮ್ಮ ಮನೆಯಲ್ಲಿ ಪಂಪ್‌ಸೆಟ್ಟಾಗಲಿ ಟ್ರ್ಯಾಕ್ಟರಾಗಲಿ, ವಿಭೂತಿ ಹಚ್ಚದೆ ಚಾಲೂ ಮಾಡುವುದಿಲ್ಲ. ಹಿಂದಿನ ಮೂರು ಸಲ ಸೀಟಿಗೆ ಹಚ್ಚಿದ್ದೆ. ಈ ಸಲ ಅಣ್ಣ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ, ನಾನು ನೀರಲ್ಲಿ ಕಲಸಿದ ವಿಭೂತಿಯನ್ನು ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಎಳೆದೆ. ಒಳಕ್ಕೆ ಗಾಳಿ ಹೋಗಲೆಂದು ಮುಚ್ಚಳದಲ್ಲಿ ಸಣ್ಣದೊಂದು ತೂತಿತ್ತು. ಕೊರೆದವನೇ ನಾನು. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಹೆಲಿಕಾಪ್ಟರ್ ಆಳೆತ್ತರ ಏರಿತು. ಸ್ವಲ್ಪ ಹೊತ್ತಿಗೆ ರೆಕ್ಕೆ ತುದಿಯ ಉರಿ ಆರಿ, ಸದ್ದು ನಿಂತು, ಧೊಪ್ಪನೆ ನೆಲಕ್ಕೆ ಕೂತಿತು. ಅಣ್ಣನಿಗೆ ಏನೂ ಆಗಲಿಲ್ಲ. ಅಧಿಕಾರಿಗಳು ಮರ್ಯಾದೆಯಿಂದಲೇ ಕಾಫಿ ಕುಡಿದು, ಇದು ಆಗದ ಕೆಲಸ ಎಂದು ಹೇಳಿ ಹೋದರು. ಅಣ್ಣ ಅವರನ್ನು ಜೀಪಿನವರೆಗೆ ಕಳಿಸಲು ಹೋದಾಗ ನಾನು ಮುಚ್ಚಳ ನೋಡಿದೆ. ವಿಭೂತಿ ಒಣಗಿ ತೂತು ಮುಚ್ಚಿಕೊಂಡಿತ್ತು. ಒಳಕ್ಕೆ ಗಾಳಿ ಹೋಗದೆ ಪೆಟ್ರೋಲು ಇಳಿಯುವುದು ಮಧ್ಯದಲ್ಲೇ ನಿಂತಿತ್ತು. ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟೆ. ಭಯವೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಎದೆಗೆ ಜೋಮು ಹಿಡಿದಂತಿತ್ತು. ಆ ಜೋಮು ಈಗಲೂ ಬಿಟ್ಟಿಲ್ಲ.

ಮುಂದೆ ಒಂದು ತಿಂಗಳು ಅಣ್ಣ ಎಲ್ಲವನ್ನೂ ಬಿಚ್ಚಿ ಹುಡುಕಿದ. ನಾನು ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಬಂದು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಹೇಳಲು ಬೇಕಾದಷ್ಟು ಹೊತ್ತು ಇತ್ತು. ಒಂದು ಮಧ್ಯಾಹ್ನ ಅಣ್ಣ ಕೊಳವೆಯನ್ನು ಕೈಯಲ್ಲಿ ಹಿಡಿದು ಕೇಳಿದ.

"ನೀನು ಮಾಡಿದ್ದೆಲ್ಲ ಸರಿಯಾಗಿತ್ತಲ್ವೇನೋ?"

"ಸರಿಯಾಗಿತ್ತು ಕಣಣ್ಣ."

"ಹಂಗಾದ್ರೆ ನನ್ನ ಲೆಕ್ಕನೇ ತಪ್ಪು ಬಿಡು. ಇಷ್ಟು ವರ್ಷ ಸುಮ್ನೆ ನಿನ್ನೂ ಕುಣಿಸ್ಬಿಟ್ಟೆ."

ನಾನು "ಇರ್ಬೋದು" ಅಂದೆ.