ಸೀಟು ಬರ್ತೈತೇನ್ರಿ, ಮೇಡಂ?

ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬರುವವರು ನನ್ನ ಮುಖ ನೋಡುವುದಿಲ್ಲ. ನಾನೂ ಅವರ ಮುಖ ನೋಡುವುದಿಲ್ಲ. ಇಬ್ಬರೂ ಒಂದು ಮೊಬೈಲಿನ ಮೇಲೆ ಬಗ್ಗಿರುತ್ತೇವೆ. ಅದರಲ್ಲೊಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ತಂದ ಹುಡುಗನೋ ಹುಡುಗಿಯೋ ಬಾಗಿಲ ಬಳಿ ಉಗುರು ಕಚ್ಚುತ್ತ ನಿಂತಿರುತ್ತಾರೆ. "ಇದಕ್ಕ ಸೀಟು ಬರ್ತೈತೇನ್ರಿ, ಮೇಡಂ?" ಎಂದು ತಂದೆ ಕೇಳುತ್ತಾರೆ. ತೆಲುಗಿನವರಾದರೆ "ವಸ್ತುಂದಾ ಮೇಡಂ?" ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯಲ್ಲಿ ಬಹಳ ಮಂದಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ, ಒಂದು ಭಾಷೆಯಲ್ಲಿ ಬಾರದ ಸೀಟು ಇನ್ನೊಂದರಲ್ಲಿ ಬಂದೀತೆಂಬ ಆಸೆಯಿಂದ.

ನಾನು ಇಲ್ಲಿನ ಜೂನಿಯರ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಸೀಟು ಕೊಡಿಸುವ ಅಧಿಕಾರ ನನಗೆ ಬಸ್ಸಿನಲ್ಲಿ ಕೂಡ ಇಲ್ಲ. ಎಷ್ಟೋ ವರ್ಷಗಳ ಹಿಂದೆ ಪಕ್ಕದ ಮನೆಯ ಹುಡುಗನ ರ‍್ಯಾಂಕು ನೋಡಿ ಬಾಯಿಗೆ ಬಂದ ಒಂದು ಎಂಜಿನಿಯರಿಂಗ್ ಕಾಲೇಜಿನ ಹೆಸರು ಹೇಳಿದ್ದೆ. ಅದೇ ಕಾಲೇಜು, ಅದೇ ಬ್ರಾಂಚು ಅವನಿಗೆ ಸಿಕ್ಕಿಬಿಟ್ಟಿತು. ಅಲ್ಲಿಂದ ನನ್ನ ಹೆಸರು ಹಬ್ಬಿತು. ಆಮೇಲೆ ನಾನು ಹೇಳಿದ್ದರಲ್ಲಿ ಸುಳ್ಳಾದದ್ದೇ ಹೆಚ್ಚು. ಆದರೆ ಸೀಟು ಸಿಗದಿದ್ದರೆ ಜನ ಮಕ್ಕಳನ್ನು ಬೈಯುತ್ತಾರೆಯೇ ಹೊರತು ನನ್ನನ್ನಲ್ಲ. ಜ್ಯೋತಿಷಿಗಳಿಗೂ ಇಷ್ಟು ನಿಶ್ಚಿಂತೆಯ ಕಸುಬು ಇರಲಾರದು.

ಈ ಸಂಖ್ಯೆಗಳ ಸ್ವಭಾವವೂ ಒಂದೇ ಅಲ್ಲ. ಇಂಟರ್‌ಮೀಡಿಯೆಟ್ಟಿನ, ಎಂದರೆ ಕರ್ನಾಟಕದ ಪಿಯುಸಿಯ, ಅಂಕ ದೊಡ್ಡದಾದಷ್ಟೂ ಒಳ್ಳೆಯದು. ಪ್ರವೇಶ ಪರೀಕ್ಷೆಯ ರ‍್ಯಾಂಕು ಸಣ್ಣದಾದಷ್ಟೂ ಒಳ್ಳೆಯದು. ಇವೆರಡರ ನಡುವೆ ಪರ್ಸೆಂಟೈಲ್ ಎಂಬ ಮೂರನೆಯ ಪ್ರಾಣಿಯೊಂದಿದೆ. ನೋಡಲು ಶೇಕಡಾದ ಹಾಗೆ, ನಡೆಯುವುದು ರ‍್ಯಾಂಕಿನ ಹಾಗೆ. ತೊಂಬತ್ತು ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಅಂಕ ಬಂದಿದೆ ಎಂದಲ್ಲ, ಬರೆದ ನೂರು ಮಂದಿಯಲ್ಲಿ ತೊಂಬತ್ತು ಮಂದಿ ನಿಮ್ಮ ಮಗನಿಗಿಂತ ಹಿಂದಿದ್ದಾರೆ ಎಂದು ಒಬ್ಬರಿಗೆ ವಿವರಿಸಿದ್ದೆ. "ಹಂಗಾರ ಮುಂದ ಹತ್ತೇ ಮಂದಿ ಅದಾರ!" ಎಂದು ಅವರು ಮಗನ ಬೆನ್ನು ತಟ್ಟಿದರು. ಬರೆದವರು ಲಕ್ಷಗಟ್ಟಲೆ, ಪ್ರತಿ ನೂರರಲ್ಲೂ ಹತ್ತು ಹತ್ತು ಮಂದಿ ಮುಂದಿದ್ದಾರೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಅವರು ಮಿಠಾಯಿ ಅಂಗಡಿಯ ದಾರಿ ಹಿಡಿದಿದ್ದರು.

ಅಂಕ ಎಂಬ ಮಾತನ್ನೇ ನೋಡಿ. ಗುರುತು ಎಂಬುದು ಅದರ ಒಂದು ಅರ್ಥ, ಸಂಖ್ಯೆ ಎಂಬುದು ಇನ್ನೊಂದು. ನಾಟಕದ ಭಾಗವೂ ಅಂಕವೇ. ಹಳಗನ್ನಡದಲ್ಲಿ ಅದು ಕಾಳಗ. ಕೋಳಿ ಅಂಕದಲ್ಲಿ ಆ ಅರ್ಥ ಇನ್ನೂ ರೆಕ್ಕೆ ಬಡಿಯುತ್ತಿದೆ. ತೊಡೆಗೂ ಅಂಕವೆನ್ನುತ್ತಾರೆ. ಫಲಿತಾಂಶದ ದಿನ ಈ ಅರ್ಥಗಳೆಲ್ಲ ಒಂದೇ ಮನೆಯಲ್ಲಿ ಸೇರುತ್ತವೆ. ಮಗುವಿನ ಮೇಲೊಂದು ಗುರುತು ಬೀಳುತ್ತದೆ, ಗಂಡಹೆಂಡಿರಿಗೆ ಕಾಳಗವಾಗುತ್ತದೆ, ನೆಂಟರ ಮುಂದೆ ನಾಟಕ ನಡೆಯುತ್ತದೆ, ಕೊನೆಗೆ ಅಳಲಿಕ್ಕೆ ಅಜ್ಜಿಯ ತೊಡೆ ಬೇಕಾಗುತ್ತದೆ.

ನಾನು ಹೇಳಬೇಕೆಂದಿರುವುದು ಅಂಥ ಒಬ್ಬ ಅಜ್ಜಿಯಿದ್ದ ಮನೆಯ ಸಂಗತಿ.

ಇಲ್ಲಿಗೆ ಹತ್ತಿರದ ಆಸ್ಪರಿಯ ಬಸ್ ನಿಲ್ದಾಣದ ಹಿಂದೆ ಭೀಮಣ್ಣನ ಹಿಟ್ಟಿನ ಗಿರಣಿ ಇದೆ. ಅವನಿಗೆ ಅವಳಿ ಮಕ್ಕಳು, ಮಂಜುಳಾ ಮತ್ತು ಮಾರುತಿ. ಮಂಜುಳಾ ತುಸು ಮೊದಲು ಹುಟ್ಟಿದವಳು. ಆ ಹಿರಿತನವನ್ನು ಅವಳು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ. ತಾಯಿ ಇಲ್ಲದ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು ಭೀಮಣ್ಣನ ತಾಯಿ ತಿಮ್ಮಕ್ಕ. ಹಾಗಾಗಿ ಆ ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಶಾಲೆಯ ಮೊದಲೆರಡು ಸ್ಥಾನ ಅಕ್ಕತಮ್ಮ ಇಬ್ಬರಿಗೇ ಬಂದವು. ಮಂಜುಳಾಗೆ ತಮ್ಮನಿಗಿಂತ ಚೂರು ಹೆಚ್ಚೇ ಬಂದಿತ್ತು. ಇಬ್ಬರನ್ನೂ ವಿಜಯವಾಡಕ್ಕೆ ಕಳಿಸಿ, ಅಲ್ಲಿ ಹಾಸ್ಟೆಲಿನಲ್ಲಿಟ್ಟು ಎಂಜಿನಿಯರಿಂಗ್ ಪರೀಕ್ಷೆಗೆ ತಯಾರು ಮಾಡುತ್ತಾರೆ ಎಂದು ಶಾಲೆಯ ಮೇಷ್ಟ್ರು ಹೇಳಿದರು. ತಿಮ್ಮಕ್ಕ ತೀರ್ಪು ಕೊಟ್ಟಳು: "ಹುಡುಗ ಹೋಗ್ಲಿ. ಹೆಣ್ಣುಹುಡುಗೀನ ಅಷ್ಟು ದೂರ ಕಳಿಸಿ ನನಗ ಕೂಳು ಇಳಿಯಂಗಿಲ್ಲ." ಮಾರುತಿ ವಿಜಯವಾಡದ ರೈಲು ಹತ್ತಿದ. ಮಂಜುಳಾ ಆದೋನಿಯ ಬಸ್ಸು ಹತ್ತಿ ನಮ್ಮ ಕಾಲೇಜಿಗೆ ಬಂದಳು.

ಎರಡು ವರ್ಷ ಅವಳು ದಿನವೂ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬರುತ್ತಿದ್ದಳು, ಸಂಜೆ ಹಿಂದಿರುಗಿ ಗಿರಣಿಯಲ್ಲಿ ಅಪ್ಪನ ಜೊತೆ ನಿಲ್ಲುತ್ತಿದ್ದಳು. ಜಡೆಯಲ್ಲಿ ಒಮ್ಮೊಮ್ಮೆ ಜೋಳದ ಹಿಟ್ಟು ಹಾಗೇ ಉಳಿದಿರುತ್ತಿತ್ತು. ಪಾಠದ ನಡುವೆ ಅವಳದೊಂದೇ ಪ್ರಶ್ನೆ: "ಮೇಡಂ, ವಿಜಯವಾಡದಾಗ ಇದನ್ನ ಹೆಂಗ ಹೇಳಿಕೊಡ್ತಾರ?" ಒಂದು ದಿನ ನನಗೆ ರೇಗಿತು. "ಅಲ್ಲೂ ನೀರಿನಲ್ಲಿ ಹೈಡ್ರೋಜನ್ನೇ ಇರುತ್ತದಮ್ಮ" ಎಂದೆ. ಅವಳು ನಕ್ಕಳು, ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ದಸರೆಗೆ ತಮ್ಮ ಬಂದಾಗ ಅವನ ಪುಸ್ತಕಗಳನ್ನು ಕಸಿದುಕೊಂಡು ಓದುತ್ತಿದ್ದಳು. ಅವನು ಆ ದಿನಗಳನ್ನೆಲ್ಲ ನಿದ್ದೆಯಲ್ಲಿ ಕಳೆಯುತ್ತಿದ್ದ.

ಫಲಿತಾಂಶ ಬಂತು. ಇಂಟರ್‌ಮೀಡಿಯೆಟ್ಟಿನಲ್ಲಿ ಮಂಜುಳಾ ಮುಂದು. ದೇಶಕ್ಕೆಲ್ಲ ಒಂದೇ ಆದ ಪ್ರವೇಶ ಪರೀಕ್ಷೆಯಲ್ಲಿ ಮಾರುತಿ ಮುಂದು, ಅದೂ ಬಹಳ ಮುಂದು. ಮನೆಮಂದಿಯೆಲ್ಲ ನನ್ನ ಪಡಸಾಲೆಗೆ ಬಂದರು. ತಿಮ್ಮಕ್ಕನ ಮಡಿಲಲ್ಲಿ ಶೇಂಗಾ ಉಂಡೆಯ ಸ್ಟೀಲ್ ಡಬ್ಬಿ ಇತ್ತು.

ಭೀಮಣ್ಣ ಎರಡೂ ರ‍್ಯಾಂಕುಗಳನ್ನು ಗಟ್ಟಿಯಾಗಿ ಓದಿದ. ಮಾರುತಿಯದು ಬೆರಳೆಣಿಕೆಯ ಸಾವಿರಗಳಲ್ಲಿತ್ತು, ಮಂಜುಳಾದು ಹತ್ತಾರು ಸಾವಿರಗಳಲ್ಲಿ. ತಿಮ್ಮಕ್ಕ ಇನ್ನೊಮ್ಮೆ ಓದಿಸಿದಳು. ಆಮೇಲೆ ಡಬ್ಬಿ ತೆಗೆದು, ಮೊದಲ ಉಂಡೆಯನ್ನು ಮೊಮ್ಮಗಳ ಬಾಯಿಗಿಟ್ಟಳು.

"ನನ್ನ ಬಂಗಾರ! ಮನ್ಯಾಗಿದ್ದು, ರೊಟ್ಟಿ ಬಡಕೋತ, ಅಷ್ಟು ಸಾವಿರ ತಂದಾಳ ನೋಡ್ರಿ ಟೀಚರಮ್ಮಾ. ಇಂವಾ ಅಷ್ಟು ದೂರ ಹೋಗಿ ಇಷ್ಟೇ ತಂದಾನ."

ಭೀಮಣ್ಣ ತನ್ನ ಕಾಲಬೆರಳು ನೋಡಿಕೊಂಡ. ನಾನು ಡಬ್ಬಿಯನ್ನು ನೋಡಿದೆ. ಮಂಜುಳಾ ಉಂಡೆ ಅಗಿಯುತ್ತಿದ್ದಳು, ಕಣ್ಣು ತುಂಬಿತ್ತು. ಆ ದಿನ ಅವಳಿಗೆ ಶಹಬಾಸ್ ಎಂದವರು ಅದುವರೆಗೆ ಒಬ್ಬರೂ ಇರಲಿಲ್ಲ. ಅವಳು ಕೈಚಾಚಿ ಇನ್ನೊಂದು ಉಂಡೆ ತೆಗೆದುಕೊಂಡಳು.

ಕೊನೆಗೆ ಮಾರುತಿ ತಡೆಯಲಾರದೆ ಹೇಳಿದ: "ಅಜ್ಜೀ, ರ‍್ಯಾಂಕು ಸಣ್ಣದಿದ್ರ ಛಲೋ."

"ಯಾರು ಹೇಳಿದ್ದು?"

ಎಲ್ಲರೂ ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ. ತಿಮ್ಮಕ್ಕ ಡಬ್ಬಿಯ ಮುಚ್ಚಳ ಹಾಕಿದಳು. "ಹಂಗಂದ್ರ ಆಕಿ ಸೋತಾಳ?" ಎಂದಳು.

ಭೀಮಣ್ಣ ಮನಸ್ಸಿನಲ್ಲೇ ಲೆಕ್ಕ ಮುಗಿಸಿಕೊಂಡು ಬಂದಿದ್ದ. "ಮಾರುತೀಗೆ ದೊಡ್ಡ ಕಾಲೇಜು ಸಿಗ್ತೈತಿ, ಅಂವಾ ಹೋಗ್ಲಿ. ಮಂಜುಳಾ ಇಲ್ಲೇ ಆದೋನ್ಯಾಗ ಬಿಎಸ್ಸಿ ಮಾಡ್ಲಿ, ಏನಂತೀರಿ ಮೇಡಂ?"

ಮಂಜುಳಾ ಅಪ್ಪನನ್ನು ನೋಡಲಿಲ್ಲ. "ಮೇಡಂ, ನೀವು ಹೇಳ್ರಿ. ನನ್ನ ರ‍್ಯಾಂಕಿಗೆ ಅಂಥ ಕಾಲೇಜು ಒಂದೂ ಬರಂಗಿಲ್ಲೇನು?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಕೇಂದ್ರ ಸರ್ಕಾರದ ಆ ಕಾಲೇಜುಗಳಲ್ಲಿ ಹುಡುಗಿಯರ ಸಂಖ್ಯೆ ತೀರ ಕಡಿಮೆಯೆಂದು ಅವರಿಗಾಗಿಯೇ ಕೆಲವು ಸೀಟುಗಳನ್ನು ಬೇರೆ ಇಟ್ಟಿದ್ದಾರೆ. ಅವಕ್ಕೆ ಹುಡುಗಿಯರ ನಡುವೆಯೇ ಪೈಪೋಟಿ. ಬೇಡಿಕೆ ಕಡಿಮೆಯಿರುವ ಬ್ರಾಂಚು, ದೂರದ ಊರು ಆದೀತೆಂದರೆ ಸಿಕ್ಕರೂ ಸಿಕ್ಕೀತು, ಖಾತ್ರಿಯಿಲ್ಲ.

ಮಾರುತಿ ಎದ್ದು ನಿಂತ. "ಅದೆಂಗ್ರಿ ಮೇಡಂ? ಆಕಿ ನನಗಿಂತ ಎಷ್ಟೋ ಹಿಂದ ಅದಾಳ. ಆಕಿಗೂ ಅಂಥಾದ್ದ ಕೊಟ್ರ, ನಾ ಎರಡು ವರ್ಷ ಜೈಲಿನಾಗಿದ್ದಂಗ ಓದಿದ್ದು ಎದಕ್ಕ?"

ಸುಳ್ಳು ಹೇಳಿರಲಿಲ್ಲ ಅವನು. ಹೋಗುವಾಗ ದುಂಡಗಿದ್ದ ಹುಡುಗ ಬಡಕಲಾಗಿ ಬಂದಿದ್ದ. ಹದಿನೇಳಕ್ಕೇ ಕೂದಲು ಉದುರುತ್ತಿತ್ತು. ಅವನ ರ‍್ಯಾಂಕಿನಲ್ಲಿ ಅವನ ಊಟ, ಆಟ, ನಿದ್ದೆ ಎಲ್ಲ ಕರಗಿಹೋಗಿತ್ತು. ಅವನಿಗೆ ಉತ್ತರ ಕೊಟ್ಟವಳು ಮಂಜುಳಾ.

"ನೀ ಜೈಲಿಗಾದ್ರೂ ಹೋದಿ. ನನ್ನ ಅದರ ಬಾಗಿಲತನಕಾನೂ ಬಿಡಲಿಲ್ಲ."

ಮಾರುತಿ ಕೂತುಬಿಟ್ಟ. ತಿಮ್ಮಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಯಾರನ್ನೂ ನೋಡದೆ ಹೇಳಿದಳು: "ಬ್ಯಾಡ ಅಂದಾಕಿ ನಾನು. ಆಕಿ ಹಿಂದ ಉಳದದ್ದು ನನ್ನ ಮಾತಿನಿಂದ." ಆಮೇಲೆ ಮಗನ ಕಡೆ ತಿರುಗಿದಳು. "ಭೀಮಾ, ಈ ಸಲ ನನ್ನ ಕೇಳಬ್ಯಾಡ. ಟೀಚರಮ್ಮನ್ನೂ ಕೇಳಬ್ಯಾಡ. ಆಕೀನ ಕೇಳು."

ನನ್ನ ಪಡಸಾಲೆಯಲ್ಲಿ ನನ್ನನ್ನು ಕೇಳಬೇಡವೆಂದವಳು ಅವಳೊಬ್ಬಳೇ. ಭೀಮಣ್ಣ ಮಗಳನ್ನು ಕೇಳಿದ. "ಹೋಗ್ತೀನಿ" ಎಂದಳು.

ಮೊದಲ ಸುತ್ತಿನ ಹಂಚಿಕೆಯಲ್ಲಿ ಮಾರುತಿಗೆ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಮಂಜುಳಾಗೆ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಆಸ್ಪರಿಯಲ್ಲಿ ಹಿಟ್ಟು ಬೀಸಿಸಲು ಬಂದವರೆಲ್ಲ "ಇನ್ನೂ ಇಲ್ಲೇ ಅದೀಯೇನವ್ವಾ?" ಎಂದು ಕೇಳುತ್ತಿದ್ದರಂತೆ. ಅವಳು ಹಿಟ್ಟು ತುಂಬಿಕೊಟ್ಟು "ಸದ್ಯಕ್ಕ ಇಲ್ಲೇ ಅದೀನ್ರಿ" ಎನ್ನುತ್ತಿದ್ದಳಂತೆ. ನಾನು ನನ್ನ ಅಂದಾಜುಗಳನ್ನು ಸುಮ್ಮನೆ ನುಂಗಿಕೊಂಡು ಕೂತಿದ್ದೆ. ಕೊನೆಕೊನೆಯ ಸುತ್ತಿನಲ್ಲಿ, ಉತ್ತರ ಭಾರತದ ಒಂದು ಊರಿನಲ್ಲಿ, ಕೆಮಿಕಲ್ ಎಂಜಿನಿಯರಿಂಗಿಗೆ ಅವಳ ಹೆಸರು ಬಂತು. ನನ್ನ ಪಾಠದ ಪ್ರಭಾವ ಎಂದುಕೊಂಡು ಹಿಗ್ಗಿದೆ. "ಅದೊಂದ ಉಳಿದಿತ್ರಿ ಮೇಡಂ" ಎಂದಳು ಅವಳು, ಮುಚ್ಚುಮರೆಯಿಲ್ಲದೆ.

ರೈಲು ಹತ್ತಿಸಲು ನಾನೂ ಹೋಗಿದ್ದೆ. ತಿಮ್ಮಕ್ಕ ಅಳಲಿಲ್ಲ, ಕಿಟಕಿಯಿಂದ ಒಂದೊಂದೇ ಗಂಟು ಒಳಗೆ ತುರುಕುತ್ತಿದ್ದಳು. ಕೆಲವು ದಿನಗಳಾದ ಮೇಲೆ ಸಿಕ್ಕಾಗ, "ಆ ದಿನ ಉಂಡಿರೇನಜ್ಜೀ?" ಎಂದು ಕೇಳಿದೆ. "ಉಂಡೆವ್ವಾ" ಎಂದಳು. ತಡೆದು, "ಒಂದೀಟು" ಎಂದು ಸೇರಿಸಿದಳು.

ಅಲ್ಲಿನ ಮೊದಲ ಪರೀಕ್ಷೆಯಲ್ಲಿ ಮಂಜುಳಾ ತರಗತಿಗೆಲ್ಲ ಕೊನೆಯವಳಾದಳು. ಅವಳು ಫೋನು ಮಾಡಿದಾಗ ಅಳಬಹುದೆಂದು ಸಮಾಧಾನದ ಮಾತು ಜೋಡಿಸಿಕೊಂಡಿದ್ದೆ. "ಇಲ್ಲಿ ಎಲ್ಲಾರೂ ಅವರವರ ಊರಿಗೆ ಫಸ್ಟ್ ಬಂದವರ ಅದಾರ್ರಿ ಮೇಡಂ. ಯಾರಾರ ಒಬ್ಬರು ಕೊನೀಗಿರಬೇಕಲ್ರೀ" ಎಂದಳು. ನಿಧಾನವಾಗಿ ನಡುವಿಗೆ ಬಂದು, ಅಲ್ಲೇ ಆರಾಮಾಗಿ ನೆಲೆನಿಂತಳು. ಸಣ್ಣ ರ‍್ಯಾಂಕಿನ ಮಾರುತಿ ತನ್ನ ಕಾಲೇಜು ಸೇರಿದ ಮೊದಲ ವರ್ಷವೆಲ್ಲ ಪುಸ್ತಕ ಕಂಡರೆ ಮುಖ ತಿರುಗಿಸಿದ. ಒಂದು ವಿಷಯದಲ್ಲಿ ಫೇಲೂ ಆದ. ಅಕ್ಕನಿಗೆ ಫೋನು ಮಾಡಿ, "ನೀನೂ ವಿಜಯವಾಡಕ್ಕ ಬಂದಿದ್ರ ನನಗ ಮಾತಾಡಾಕ ಒಬ್ಬರಿರ್ತಿದ್ರು ನೋಡು" ಎಂದನಂತೆ. ಬೈದು, ಪಾಠ ಹೇಳಿ, ಮರುಪರೀಕ್ಷೆ ಪಾಸು ಮಾಡಿಸಿದವಳು ಅವಳೇ. ಈಗ ಅವನೂ ಚೆನ್ನಾಗಿದ್ದಾನೆ. ಕೂದಲು ಮಾತ್ರ ಮರಳಿ ಬಂದಿಲ್ಲ.

ಇದರಿಂದ ರ‍್ಯಾಂಕು ಸುಳ್ಳು ಎಂದೇನೂ ನಾನು ವಾದಿಸುವುದಿಲ್ಲ. ಸೀಟು ಕೆಲವು, ಬೇಕೆನ್ನುವವರು ಲಕ್ಷ. ಹೇಗಾದರೂ ಸಾಲು ನಿಲ್ಲಿಸಲೇಬೇಕು. ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ರ‍್ಯಾಂಕು ಸರಿಯಾಗಿಯೇ ಹೇಳುತ್ತದೆ. ಅಲ್ಲಿಗೆ ಅವರು ಎಲ್ಲಿಂದ ನಡೆದು ಬಂದರು, ಇನ್ನೆಷ್ಟು ನಡೆಯಬಲ್ಲರು ಎಂಬುದನ್ನು ನಾವು ಅದರ ಬಾಯಲ್ಲಿ ಹೇಳಿಸುತ್ತೇವೆ. ಪಾಪ, ಅದಕ್ಕೆ ಗೊತ್ತಿಲ್ಲ.

ಈ ಬೇಸಿಗೆ ರಜೆಯಲ್ಲಿ ಮಂಜುಳಾ ಊರಿಗೆ ಬಂದವಳು ನನ್ನನ್ನು ನೋಡಲು ಬಂದಿದ್ದಳು. ಅಷ್ಟರಲ್ಲಿ ದೇವನಕೊಂಡದಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಅದೇ ಪರೀಕ್ಷೆ, ಅದೇ ಪ್ರಶ್ನೆ. ಮಂಜುಳಾ ಅಂಥ ಕಾಲೇಜಿನಲ್ಲಿ ಓದುತ್ತಿದ್ದಾಳೆಂದು ತಿಳಿದ ಕೂಡಲೇ ಅವರು ಅವಳತ್ತ ತಿರುಗಿದರು. "ನಿನ್ನ ರ‍್ಯಾಂಕು ಎಷ್ಟಿತ್ತಮ್ಮಾ?"

ಮಂಜುಳಾ ಬಾಯಿ ತೆರೆದಳು. ತಡೆದಳು. ಸೂರು ನೋಡಿದಳು. "ಅಯ್ಯ, ನೆನಪ ಬರವಲ್ದು. ಎಷ್ಟಿತ್ರಿ ಮೇಡಂ?"

ನಾನು ಕೊನೆಯ ಅಂಕಿಯವರೆಗೆ ಹೇಳಿದೆ. ಪರೀಕ್ಷೆ ಬರೆದವಳು ಎಂದೋ ಮರೆತದ್ದನ್ನು ಪರೀಕ್ಷೆಗೇ ಕೂರದ ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. "ಹೂಂ, ಅಷ್ಟ ಇರಬೇಕು" ಎಂದಳು ಅವಳು. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ದೇವನಕೊಂಡದ ಹುಡುಗಿ ಮೆಲ್ಲಗೆ ಅವಳ ಹತ್ತಿರ ಸರಿದು ಕೇಳಿತು: "ಅಕ್ಕಾ, ಅಲ್ಲಿ ಹಾಸ್ಟೆಲ್‌ನಾಗ ಊಟ ಹೆಂಗಿರ್ತೈತಿ?"

"ಉಪ್ಪಿಲ್ಲ, ಖಾರಿಲ್ಲ" ಎಂದಳು ಮಂಜುಳಾ. "ಶೇಂಗಾ ಚಟ್ನಿಪುಡಿ ಕುಟ್ಟಿಸಿ ಇಟ್ಟಿರು. ಸೀಟು ಆಮ್ಯಾಲ ನೋಡಿದ್ರಾತು."