ಮಂಜಿಗೆ ಇಟ್ಟ ಬೆಂಕಿ

ಎಪ್ಪತ್ತರ ದಶಕದ ಒಂದು ಚಳಿಗಾಲ. ಜಗಳೂರು ಕಡೆಯ ನಮ್ಮೂರಿನ ಹತ್ತಿ ಹೊಲಗಳಿಗೆ ಔಷಧಿ ಹೊಡೆಯಲು ಪುಟ್ಟ ವಿಮಾನ ಬಂತು. ಕೆರೆಯ ಪಕ್ಕದ ನಮ್ಮ ಬೀಳು ಹೊಲವನ್ನೇ ಸಮ ಮಾಡಿ ಅದು ಇಳಿಯುವ ಹಾದಿ ಮಾಡಿದರು. ಅಲ್ಲಿ ಬೇಡ, ಬೆಳಗಿನ ಹೊತ್ತು ಮಂಜು ಕೂರುತ್ತದೆ ಎಂದು ಅಪ್ಪ ಹೇಳಿ ನೋಡಿದ. ಕೇಳುವವರು ಯಾರು?

ವಿಮಾನ ಓಡಿಸುವವನು ಉತ್ತರದ ಕಡೆಯ ತರುಣ. ಅದರ ರಿಪೇರಿಯವರು ಹೊನ್ನಾಳಿಯ ನಡುವಯಸ್ಕರು. ಇಬ್ಬರಿಗೂ ನಮ್ಮ ಮನೆಯಲ್ಲೇ ಊಟ. ತರುಣನಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಆದರೂ ದಿನಾ ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಬೀಳುತ್ತಿತ್ತು. "ತಿನ್ನಪ್ಪಾ, ಮ್ಯಾಲೆ ಆಕಾಶದಾಗೆ ಯಾರು ಬಡಿಸ್ತಾರೆ?" ಅನ್ನುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಆ ಉಪಚಾರ ಇರಲಿಲ್ಲ ಬಿಡಿ.

ಗಾಳಿ ಏಳುವ ಮೊದಲೇ ಔಷಧಿ ಹೊಡೆಯಬೇಕು. ಆವತ್ತೂ ನಸುಕಿನಲ್ಲೇ ಹಾರಿದ. ಅವನು ಹಾರಿದ ಮೇಲೆ ಕೆರೆಯಿಂದ ಮಂಜು ಎದ್ದು ಬೀಳನ್ನು ನುಂಗಿತು. ನಾನು, ಅಪ್ಪ, ರಿಪೇರಿಯವರು, ನಾಲ್ಕು ಆಳುಗಳು ಅಲ್ಲೇ ಇದ್ದೆವು. ತಲೆಯ ಮೇಲೆ ಸದ್ದು ಮಾತ್ರ ಸುತ್ತುತ್ತಿತ್ತು.

"ಬ್ಯಾರೆ ಕಡೆ ಹೋಗಾಕೆ ಪೆಟ್ರೋಲು ಸಾಲಲ್ರೀ," ಎಂದರು ರಿಪೇರಿಯವರು. ಯುದ್ಧದ ಕಾಲಕ್ಕೆ ಪರದೇಶದಲ್ಲಿ ವಿಮಾನದ ಹಾದಿಯ ಎರಡೂ ಬದಿಗೆ ಪೆಟ್ರೋಲು ಉರಿಸಿ ಮಂಜು ಚದುರಿಸುತ್ತಿದ್ದರೆಂದು ಅವರು ಯಾರೋ ಹಳೆಯ ಮಿಲಿಟರಿಯವರಿಂದ ಕೇಳಿದ್ದರು. ಹಳೆಯ ಹತ್ತಿಕಟ್ಟಿಗೆಯನ್ನು ಎರಡೂ ಬದಿಗೆ ಎಳೆದು ರಾಶಿ ಹಾಕಿ, ವಿಮಾನಕ್ಕೆಂದು ತಂದಿಟ್ಟಿದ್ದ ಡ್ರಮ್ಮಿನ ಪೆಟ್ರೋಲು ಸುರಿದು ಹಚ್ಚಿದೆವು. ದನಗಳಿಗೆ ಹೊಗೆ ಹಾಕುವ ರೂಢಿಯಲ್ಲಿ ಅಪ್ಪ ಮೇಲೆ ಹಸಿ ಬೇವಿನ ಸೊಪ್ಪು ಒಟ್ಟಲು ಹೋದ. "ಹೊಗೆ ಬ್ಯಾಡ್ರೀ ಯಜಮಾನ್ರೇ, ಉರಿ ಬೇಕು, ಉರಿ!" ಎಂದು ರಿಪೇರಿಯವರು ತಡೆದರು.

ಉರಿ ಎದ್ದಿತು. ನಿಜಕ್ಕೂ ಮಂಜು ಆಳೆತ್ತರ, ಆಮೇಲೆ ಮರದೆತ್ತರ ಮೇಲೆದ್ದು ಹಾದಿ ಕಂಡಿತು. ನನ್ನ ಮೈ ಜುಮ್ಮೆಂದಿತು. ಸದ್ದು ತಗ್ಗಿ ನಮ್ಮತ್ತ ತಿರುಗಿತು. ಉರಿ ಅವನಿಗೆ ಕಂಡಿತ್ತು.

ಊರಿಗೂ ಕಂಡಿತ್ತು. ಬೀಳಿನ ಪಕ್ಕವೇ ಊರಿನ ಹುಲ್ಲಿನ ಬಣವೆಗಳು. ಬಣವೆಗೆ ಬೆಂಕಿ ಬಿದ್ದರೆ, ಅದು ಹಗೆಯವನದಾದರೂ, ಕೊಡ ಹಿಡಿದು ಓಡಬೇಕು. ನಮ್ಮ ಕಡೆಯ ಕಟ್ಟಲೆ ಅದು. ಬೆಂಕಿ ಬಿದ್ದಾಗ ಬಾವಿ ತೋಡುವ ಜನವಲ್ಲ ನಮ್ಮವರು. ಹೆಂಗಸರೆಲ್ಲ ಬಾವಿಯ ಹತ್ತಿರವೇ ಇರುವ ಹೊತ್ತು ಬೇರೆ. ಮಂಜಿನೊಳಗಿಂದ "ನೀರು! ನೀರು!" ಎಂಬ ಕೂಗು, ಓಡುವ ಕಾಲುಗಳ ಸಪ್ಪಳ. ನನಗೆ ಅರ್ಥವಾಗುವ ಮೊದಲೇ ತುದಿಯ ಉರಿ ಬುಸ್ಸೆಂದು ಆರಿತು. ಆಮೇಲೆ ಅದರ ಪಕ್ಕದ್ದು.

"ಆರಿಸಬ್ಯಾಡ್ರೀ!" ಎಂದು ಕಿರುಚಿದೆವು. ಬೆಂಕಿ ಬಿದ್ದಲ್ಲಿ ಎಲ್ಲರೂ ಕಿರುಚುತ್ತಾರೆ, ನಮ್ಮನ್ನು ಯಾರು ಕೇಳಬೇಕು? ನನ್ನ ಎದುರಿನ ರಾಶಿಗೆ ಕೊಡ ಬಗ್ಗಿಸಿದವಳು ಅವ್ವ. ಹಬೆ, ಹೊಗೆ, ಮಂಜು ಒಂದಾಗಿ ಹಾದಿ ಮುಚ್ಚಿತು. ವಿಮಾನ ತಲೆಗೆ ತಾಗುವಷ್ಟು ಕೆಳಗೆ ಬಂದು, ಮತ್ತೆ ಏರಿ, ಕೆರೆಯ ಕಡೆ ಹೋಯಿತು. ಸದ್ದು ತಡವರಿಸಿತು, ನಿಂತಿತು.

ಕೆರೆಯಿಂದ ಅವನ ಹೆಣವನ್ನು ಮಧ್ಯಾಹ್ನ ತೆಗೆದರು. ಅವ್ವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನಬೇಕಿತ್ತು ಎಂದು ನನಗೆ ಈಗಲೂ ಸಿಟ್ಟಿದೆ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳು.

ಆ ಬೇಸಿಗೆಯಲ್ಲಿ ನಮ್ಮದೇ ಬಣವೆಗೆ ಬೆಂಕಿ ಬಿತ್ತು. ಊರೆಲ್ಲ ಓಡಿ ಬಂತು. ಅವ್ವ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಆಕಾಶ ನೋಡುತ್ತಾ ನಿಂತಿದ್ದಳು. ಕಿತ್ತುಕೊಳ್ಳಲು ಹೋದರೆ ಬಿಡಲಿಲ್ಲ.

"ತಡಿಯೇ," ಎಂದಳು. "ಇದನ್ನ ಯಾರಿಗೋಸ್ಕರ ಹಚ್ಚ್ಯಾರೆ, ಮೊದ್ಲು ಕೇಳು."