ಕಾಲು ಮುಟ್ಟದ ಸೀಟು

ಕಾಡುಕೋಣದ ಎದುರು ನಿಂತಾಗ ಮನುಷ್ಯರಿಗೆ ಏನು ನೆನಪಾಗುತ್ತದೆ? ದೇವರು, ಮಕ್ಕಳು, ಮಾಡಿದ ಪಾಪ. ನನಗೆ ಮಾತ್ರ ಹಾಳಾದ್ದು ಫೋಮ್ ನೆನಪಾಯಿತು. ಬೈಕಿನ ಸೀಟಿನೊಳಗಿನ ಫೋಮ್!

ತಮಾಷೆಯಲ್ಲ. ಹೋದ ಭಾನುವಾರ ಸಂಜೆ ಜೋಯಿಡಾದಿಂದ ಗಣೇಶಗುಡಿಗೆ ಬರುವ ದಾರಿಯಲ್ಲಿ ನಡೆದದ್ದು. ಬರೆಯುವಾಗಲೂ ಎಡಗಾಲಿನ ಮೀನಖಂಡ ಬಿಗಿಯುತ್ತಿದೆ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆಯ ಕಥೆ ಗೊತ್ತು. ಹೊಸಬರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ದಾಂಡೇಲಿಯ ನಮ್ಮ ಮನೆಯಲ್ಲಿ ಒಂದು ಕ್ರೂಸರ್ ಬೈಕ್ ಇದೆ. ಉದ್ದ, ತಗ್ಗು, ಭಾರ, ಎಮ್ಮೆಯ ಜಾತಿ. ಕೊಂಡವರು ನಮ್ಮನೆಯವರು, ಓಡಿಸುವವಳು ನಾನು. ಗ್ಲಾಕೋಮಾ ಬಂದು ಅವರಿಗೆ ಎರಡೂ ಪಕ್ಕದ ನೋಟ ಹೋಯಿತು. ಹೊತ್ತು ಇಳಿದರೆ ಎದುರಿನದೂ ಮಸುಕು. ಡಾಕ್ಟರು ಗಾಡಿ ಬಿಡಿ ಎಂದ ದಿನ ಅವರು ಊಟ ಬಿಟ್ಟರು, ಬೈಕ್ ಮಾರಲು ಮಾತ್ರ ಒಪ್ಪಲಿಲ್ಲ. ಸ್ಕೂಟರಿನಲ್ಲಿ ಸಂತೆಗೆ ಹೋಗಿಬರುತ್ತಿದ್ದ ನಾನು ಐವತ್ತರ ಹೊಸ್ತಿಲಲ್ಲಿ ಗೇರು, ಕ್ಲಚ್ಚು ಕಲಿತೆ. ಈಗ ನಾನು ಮುಂದೆ, ಅವರು ಹಿಂದೆ. (ಓಣಿಯವರು ಮೊದಮೊದಲು ಬಾಗಿಲಿಗೆ ಬಂದು ನೋಡುತ್ತಿದ್ದರು. ಆಮೇಲೆ ಅವರಿಗೂ ಬೇಜಾರಾಯಿತು.)

ಅವರು ಆರಡಿ. ನಾನು ಐದಡಿ ಎಂದರೆ ಅದೂ ಚಪ್ಪಲಿ ಸೇರಿಸಿ. ಬೈಕಿನ ಸೀಟು ತಗ್ಗಾಗಿದ್ದರಿಂದಲೇ ಅಷ್ಟು ಭಾರದ ಗಾಡಿ ನನ್ನ ಮಾತು ಕೇಳುತ್ತಿತ್ತು. ನಿಲ್ಲಿಸಿದರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತಿದ್ದವು.

ತೊಂದರೆ ಇದ್ದದ್ದು ಹಿಂದಿನ ಸೀಟಿನದು. ಗಾತ್ರ ಬನ್ನಿನದು, ಮೆತ್ತಗೆ ಮಾತ್ರ ಬನ್ನಿನಷ್ಟೂ ಇಲ್ಲ. ಅರ್ಧ ತಾಸು ಹೋಗುವುದರೊಳಗೆ ಅವರ ಟೊಂಕ ಹಿಡಿಯುತ್ತಿತ್ತು. "ಸಾಕು, ನೀ ಒಬ್ಬಾಕಿನ ಹೋಗಿ ಬಾ. ನಾ ಮನ್ಯಾಗ ಇರ್ತೇನಿ" ಎನ್ನತೊಡಗಿದರು. ಆ ಮಾತು ನನಗೆ ಹೆದರಿಕೆ ಹುಟ್ಟಿಸಿತು. ಕಣ್ಣು ಕೈಕೊಟ್ಟ ಮೇಲೆ ಅವರು ಹೊಸ್ತಿಲು ದಾಟುತ್ತಿದ್ದದ್ದೇ ಈ ಬೈಕಿನ ಮೇಲೆ. ಒಂದು ಸೀಟಿನ ಸಲುವಾಗಿ ಅದೂ ನಿಂತುಹೋದರೆ? ಸೀಟನ್ನೇ ಬದಲಾಯಿಸೋಣ ಎಂದೆ.

ಹಳಿಯಾಳದಲ್ಲಿ ಬೈಕಿಗೆ, ಟ್ರ್ಯಾಕ್ಟರಿಗೆ ಸೀಟು ಹೊಲಿಯುವ ಅಂಗಡಿಯೊಂದಿದೆ. ಮಾಲೀಕರು ರಿಯಾಜ್. ಒಳ್ಳೆಯ ಕೆಲಸ, ಒಳ್ಳೆಯ ಮಾತು. ಅಂಗಡಿಯ ಮುಂದೆ ಬೈಕ್ ತಂದು ನಿಲ್ಲಿಸಿದವಳು ನಾನು. ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡವಳು ನಾನು. ರಿಯಾಜ್ ಮಾತಾಡಿಸಿದ್ದು ಅವರನ್ನು.

"ಬರ್ರಿ ಸರ್. ಲಾಂಗ್ ಹೊಡೀತೀರೇನು? ಟೊಂಕ ನೋವು ಐತೇನ್ರಿ?"

"ಐತಿ. ಆದ್ರ ಗಾಡಿ ಹೊಡಿಯಾಕಿ ಇಕಿ."

"ಹೌದೇನ್ರೀ? ಭಾರೀ ಆತು ಬಿಡ್ರಿ!" ರಿಯಾಜ್ ಮನಸಾರೆ ಮೆಚ್ಚಿದರು. "ಕುಂದರ್ರಿ ಮೇಡಂ, ಚಾ ತೊಗೋರಿ" ಎಂದು ನನಗೆ ಸ್ಟೂಲು ಕೊಟ್ಟರು. ಕೊಟ್ಟು, ಮತ್ತೆ ಅವರ ಕಡೆ ತಿರುಗಿ ಫೋಮಿನ ಸ್ಯಾಂಪಲ್ ಹರಡಿದರು.

ನಮ್ಮ ಗಂಡಸರು ಸೀಟು ಪರೀಕ್ಷಿಸುವ ರೀತಿ ನೋಡಿದ್ದೀರಾ? ಎಲ್ಲ ಹೆಬ್ಬೆರಳಿನ ಮೇಲೆ. ರಿಯಾಜ್ ಒತ್ತಿದರು. ನಮ್ಮನೆಯವರು ಒತ್ತಿದರು. ಟ್ರ್ಯಾಕ್ಟರ್ ಸೀಟು ಹೊಲಿಸಲು ಪಕ್ಕದ ಸಾಂಬ್ರಾಣಿ ಊರಿನಿಂದ ಬಂದಿದ್ದ ರೈತರೊಬ್ಬರು, ಕೇಳದಿದ್ದರೂ ಎದ್ದು ಬಂದು ಒತ್ತಿದರು. "ಒಂದ ಪದರ ಸಾಲಂಗಿಲ್ರಿ. ಎರಡು ಹಾಕಸ್ರಿ, ಗಾದಿ ಆದಂಗ ಆಕ್ಕೈತಿ" ಎಂದು ತೀರ್ಪು ಕೊಟ್ಟರು. ಹೆಬ್ಬೆರಳುಗಳೆಲ್ಲ ಒಮ್ಮತಕ್ಕೆ ಬಂದವು: ಮುಂದಿನಿಂದ ಹಿಂದಿನವರೆಗೆ ಒಂದೇ ಉದ್ದ ಸೀಟು, ಅಗಲವಾಗಿ, ಎರಡು ಪದರ. ನಾನು ಚಹಾ ಕುಡಿಯುತ್ತಿದ್ದೆ.

ಸೀಟು ಕೂಡಿಸಿದ ದಿನ ಸ್ಟ್ಯಾಂಡಿನ ಮೇಲಿದ್ದ ಬೈಕ್ ಹತ್ತಿ ಕೂತು ಅವರು ಕಣ್ಣು ಮುಚ್ಚಿ "ಹಾ..." ಎಂದರು. ಎಷ್ಟು ತಿಂಗಳಾಗಿತ್ತು ಆ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು! ನನಗೆ ನಿಜಕ್ಕೂ ಸಂತೋಷವಾಯಿತು.

ಆಮೇಲೆ ನಾನು ಹತ್ತಿದೆ. ಸ್ಟ್ಯಾಂಡ್ ಎತ್ತಿದೆ. ಕಾಲಿನ ಬೆರಳುಗಳಷ್ಟೇ ನೆಲಕ್ಕೆ ತಾಗಿದವು. ಸೀಟು ಎರಡು ಬೆರಳು ಎತ್ತರವಾಗಿತ್ತು. ಅಗಲವಾದ್ದರಿಂದ ತೊಡೆಗಳೂ ದೂರ ಸರಿದು, ಇದ್ದ ಕಾಲು ಇನ್ನಷ್ಟು ಗಿಡ್ಡವಾಗಿದ್ದವು.

"ಹೆಂಗೈತಿ?" ಅವರು ಕೇಳಿದರು.

"ಚಲೋ ಐತಿ" ಎಂದೆ.

ಯಾಕೆ ಹಾಗೆಂದೆ? ಹೊಲಿಗೆ ಮುಗಿದಿತ್ತು. ಸುತ್ತ ನಾಲ್ಕು ಗಂಡಸರಿದ್ದರು. ಬೈಕ್ ಹೊಡೆಯುವ ಹೆಂಗಸಿಗೆ ಕಾಲೇ ಎಟುಕುವುದಿಲ್ಲ ಎಂದು ನಗಬಾರದಲ್ಲ? ಎಲ್ಲಕ್ಕಿಂತ ಹೆಚ್ಚಾಗಿ ಅವರ ಮುಖದ ಆ ನೆಮ್ಮದಿ. ಅಡ್ಜಸ್ಟ್ ಮಾಡಿಕೊಂಡರಾಯಿತು ಎಂದುಕೊಂಡೆ. (ಅಡ್ಜಸ್ಟ್ ಇಂಗ್ಲಿಷ್ ಪದ ಎಂದವರು ಯಾರು? ನಮ್ಮ ಹೆಂಗಸರು ಅದನ್ನು ತವರಿನಿಂದಲೇ ಕಟ್ಟಿಕೊಂಡು ಬರುತ್ತಾರೆ.)

ಅಡ್ಜಸ್ಟ್ ಮಾಡಿಕೊಂಡೆ ಕೂಡ. ಊರೊಳಗೆ ನಿಲ್ಲಿಸುವಾಗಲೆಲ್ಲ ಎಡಕ್ಕೊಂದು ಕಲ್ಲೋ ಕಟ್ಟೆಯೋ ಹುಡುಕಿ ಕಾಲು ಊರುತ್ತಿದ್ದೆ. ಹಿಂದೆ ಕೂತವರು ಹಾಡು ಗುನುಗುತ್ತಿದ್ದರು. ಅವರೇ ಒಂದು ದಿನ, "ಭಾನುವಾರ ಜೋಯಿಡಾಕ್ಕ ಅಕ್ಕನ ಮನಿಗೆ ಹೋಗೂಣು" ಎಂದಾಗ ನನಗೆ ಗೆದ್ದಂತಾಯಿತು.

ಹೋದೆವು. ಅತ್ತಿಗೆಯ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಹೊರಡುವುದು ತಡವಾಯಿತು. ಗಣೇಶಗುಡಿ ಇನ್ನೂ ದೂರವಿತ್ತು, ಬೆಳಕು ಇಳಿಯುತ್ತಿತ್ತು. ಒಂದು ಏರು ತಿರುವು ದಾಟಿದೆ. ರಸ್ತೆಗೆ ಅಡ್ಡಲಾಗಿ ಕಾಡುಕೋಣ. ಅದರ ಹಿಂದೆ ಕರು.

ಬ್ರೇಕ್ ಒತ್ತಿದೆ. ನಡುವೆ ಒಂದು ಬಸ್ಸು ನಿಲ್ಲುವಷ್ಟು ಜಾಗವಿತ್ತು, ಅಷ್ಟೇ. ಎಂಜಿನ್ನಿನ ಸದ್ದಿಗೆ ಅದು ತಲೆ ಎತ್ತಿತು. ಗೇರಿನಲ್ಲೇ ಇಟ್ಟು ಎಂಜಿನ್ ಆಫ್ ಮಾಡಿದೆ. ಗಾಡಿ ಹಿಂದಕ್ಕೆ ಜಾರಲಿಲ್ಲ. ಎಡಕ್ಕೆ ವಾಲತೊಡಗಿತು.

ಎಡಗಾಲು ಚಾಚಿದೆ. ಬೆರಳಿಗೆ ಸಿಕ್ಕಿದ್ದು ಸಡಿಲ ಜಲ್ಲಿ. ಅಲ್ಲಿ ಕಲ್ಲೂ ಇಲ್ಲ, ಕಟ್ಟೆಯೂ ಇಲ್ಲ.

"ಯಾಕ ನಿಂದ್ರಿಸಿದಿ?" ಹಿಂದಿನಿಂದ ಅವರ ದನಿ. ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಮುಂದ ಕಾಡುಕೋಣ ಐತಿ. ಕರು ಐತಿ. ಅಳ್ಳಾಡಬ್ಯಾಡ್ರಿ" ಎಂದು ಪಿಸುಗುಟ್ಟಿದೆ.

ಅವರು ಅಲುಗಾಡಲಿಲ್ಲ. ಉಸಿರೂ ಬಿಗಿಹಿಡಿದು, ನನ್ನ ಭುಜ ಹಿಡಿದು ಕೂತರು. ಅವರಿಗೆ ನಾನು ಹೇಳಿದ್ದು ಅದನ್ನೇ ತಾನೆ! ಆ ಆರಡಿಯ ದೇಹ, ಆ ಎಮ್ಮೆಯಂಥ ಗಾಡಿ, ಎರಡರ ಭಾರವೂ ನನ್ನ ಕಾಲಿನ ಐದು ಬೆರಳ ಮೇಲೆ. ಬಿದ್ದರೆ ಏನಾಗುತ್ತದೆಂದು ಗೊತ್ತಿತ್ತು. ಸದ್ದಾಗುತ್ತದೆ. ಕೋಣ ಬೆದರುತ್ತದೆ. ನನ್ನ ಕಾಲು ಗಾಡಿಯ ಅಡಿ ಸಿಕ್ಕಿರುತ್ತದೆ. ಅವರು ಎದ್ದರೂ ಯಾವ ಕಡೆ ಓಡಬೇಕೆಂದು ಅವರಿಗೆ ಕಾಣುವುದಿಲ್ಲ.

ಕೋಣ ಬುಸ್ ಎಂದಿತು. ಒಂದು ಹೆಜ್ಜೆ ಮುಂದಿಟ್ಟಿತು. ಜಲ್ಲಿ ಜಾರಿತು. ಗಾಡಿ ಇನ್ನಷ್ಟು ವಾಲಿತು.

ಆಗ ನನ್ನ ಬಾಯಿಂದ ಬಂತು: "ರೀ, ನನಗ ಕಾಲು ಮುಟ್ಟವಲ್ಲವು."

ಇಷ್ಟೇ ಮಾತು. ಅವರು ಮುಂದಕ್ಕೆ ಸರಿದು ಎರಡೂ ಉದ್ದ ಕಾಲುಗಳನ್ನು ನೆಲಕ್ಕೆ ಇಳಿಬಿಟ್ಟು ಗಟ್ಟಿಯಾಗಿ ಊರಿ ನಿಂತರು. ವಾಲುತ್ತಿದ್ದ ಗಾಡಿ ನೆಟ್ಟಗಾಯಿತು. "ನಾ ಹಿಡದೇನಿ. ನೀ ಬ್ರೇಕ್ ಬಿಡಬ್ಯಾಡ" ಎಂದರು, ಕಿವಿಯ ಹತ್ತಿರ. ಎದುರಿಗಿದ್ದದ್ದು ಅವರಿಗೆ ಕಾಣದು, ಕಾಣುತ್ತಿದ್ದ ನನಗೆ ಕಾಲಿಲ್ಲ. ಹಾಗೇ ನಿಂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಕರು ಪೊದೆಯೊಳಗೆ ನುಗ್ಗಿತು. ತಾಯಿ ನಮ್ಮನ್ನೊಮ್ಮೆ ನೋಡಿ ಅದರ ಹಿಂದೆ ಹೋಯಿತು. ನಾನು ಅತ್ತುಬಿಟ್ಟೆ.

ಗಣೇಶಗುಡಿಯ ಚಹಾದಂಗಡಿಯಲ್ಲಿ ಎರಡು ಚಹಾ ಹೇಳಿ ಕೂತೆವು. ಅವರು ಲೋಟ ಕೆಳಗಿಟ್ಟು ಕೇಳಿದರು.

"ಕಾಲು ಮುಟ್ಟಂಗಿಲ್ಲಂತ ನಿನಗ ಹಳಿಯಾಳದಾಗ ಗೊತ್ತಿತ್ತೇನು?"

"ಗೊತ್ತಿತ್ತು."

"ಚಲೋ ಐತಿ ಅಂದಿದ್ದಿ."

"ನಿಮಗ ಆರಾಮ ಆಗಿತ್ತಲ್ರಿ, ಅದಕ್ಕ."

ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಅಂಥ ಸಿಟ್ಟು ನಾನು ಕಂಡಿಲ್ಲ. "ನನಗ ಕಣ್ಣು ಕಾಣಂಗಿಲ್ಲ. ನೀ ಬಾಯಿಬಿಟ್ಟು ಹೇಳದಿದ್ರ ನನಗ ಹೆಂಗ ಗೊತ್ತಾಗಬೇಕು? ನನ್ನ ಆರಾಮದ ಸಲುವಾಗಿ ಇಬ್ರೂ ಸಾಯೂಣೇನು?"

ನಾಳೆ ಹಳಿಯಾಳಕ್ಕೆ ಹೋಗುತ್ತಿದ್ದೇವೆ. ಮುಂದಿನ ಭಾಗದ ಫೋಮ್ ಕೊಯ್ದು ತಗ್ಗಿಸಬೇಕು, ಅಗಲ ಕಡಿಮೆ ಮಾಡಬೇಕು. ಹಿಂದಿನದು ಹಾಗೇ ಇರಲಿ. ಸ್ಟೂಲು ಕೊಟ್ಟರೂ ಈ ಸಲ ಕೂರುವುದಿಲ್ಲ. ಇದೆಲ್ಲ ಸುಲಭದ ರಿಪೇರಿ. ಕಷ್ಟದ್ದು ಬಾಯಿಬಿಟ್ಟು ಹೇಳುವ ರಿಪೇರಿ, ವಾರವಾರವೂ ಇಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುವ ನನಗೂ.

ಹ್ಯಾಂಡಲ್ ನನ್ನ ಕೈಯಲ್ಲೇ ಇತ್ತು, ಬಾಯಿ ಯಾರ ಕೈಯಲ್ಲಿತ್ತು?